ನಾಲಿಗೆಯ ಮೇಲೆ ಕರಗುವ ಔಷಧಿಗೆ ಬೀಗ ಹಾಕಿದವರಿಗೆ

ಮಾನ್ಯ ಔಷಧ ನಿಯಂತ್ರಣಾಧಿಕಾರಿಗಳೇ,

ನಮ್ಮ ಬೀದಿಯ ಫಾರ್ಮಸಿಯ ಹಿಂಬದಿ ಕೋಣೆಗೆ ತಮ್ಮ ಇಲಾಖೆ ಹಾಕಿದ ಬೀಗ ಇನ್ನೂ ಹಾಗೇ ಇದೆ. ಅಲ್ಲಿ ತಯಾರಾಗುತ್ತಿದ್ದ ಔಷಧಿ ತಪ್ಪೆಂದು ತಾವು ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಬೀಗ ಜಡಿದು ಸುಮ್ಮನಾದಿರಿ. ತಾವು ಸುಮ್ಮನಿದ್ದಾಗ ನಮ್ಮ ಅತ್ತೆಗೆ ಏನಾಯಿತೆಂದು ಹೇಳಲು ಈ ಪತ್ರ. ಜಗಳಕ್ಕೆ ನಿಲ್ಲುವಷ್ಟು ತ್ರಾಣ ನನಗೀಗ ಇಲ್ಲ.

ನಾನು ಬಟ್ಟೆ ಹೊಲಿಯುವವಳು. ಅತ್ತೆ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿ ನಿವೃತ್ತರಾದವರು, ಮಾತನ್ನೇ ಉಂಡು ಬದುಕಿದವರು. ಕೈ ನಡುಗಿ ಮೈ ಮರಗಟ್ಟುವ ಕಾಯಿಲೆ ಅವರಿಗೆ ಬಂತು. ಔಷಧಿ ಚೂರು ಕಡಿಮೆಯಾದರೆ ಕುರ್ಚಿಯಿಂದ ಏಳಲಾರರು. ಚೂರು ಹೆಚ್ಚಾದರೆ ಮೈ ತನ್ನಷ್ಟಕ್ಕೆ ತಾನೇ ಹೊರಳಾಡುತ್ತದೆ. ಅವರಿಗೆ ಒಗ್ಗುವ ಅಳತೆಯ ಮಾತ್ರೆಯನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಹಾಗಾಗಿ ಬ್ಲೇಡಿನಿಂದ ಕತ್ತರಿಸುತ್ತಿದ್ದೆ. ಒಂದು ತುಂಡು ದೊಡ್ಡದು, ಒಂದು ಸಣ್ಣದು, ಉಳಿದದ್ದು ಪುಡಿ. ಅದನ್ನು ನುಂಗಿಸಲು ನೀರು ಕೊಟ್ಟರೆ ನೆತ್ತಿಗೆ ಹತ್ತಿ ಕಣ್ಣು ಮೇಲಾಗುತ್ತಿತ್ತು.

ಆಗ ವೈದ್ಯರು ಚೀಟಿ ಬರೆದು ಈ ಫಾರ್ಮಸಿಗೆ ಕಳಿಸಿದರು. ಅದನ್ನು ನಡೆಸುವಾಕೆ ಔಷಧಿಯನ್ನು ತೂಗಿ, ಅಂಟಿನಂಥ ದ್ರವದಲ್ಲಿ ಕಲಸಿ, ಗಾಜಿನ ಹಲಗೆಯ ಮೇಲೆ ತೆಳ್ಳಗೆ ಹರಡಿ ಒಣಗಿಸುತ್ತಿದ್ದರು. ಒಣಗಿದ ಹಾಳೆಯನ್ನು ರೋಗಿಗೆ ಎಷ್ಟು ಬೇಕೋ ಅಷ್ಟಕ್ಕೆ ಕತ್ತರಿಸಿ ಕೊಡುತ್ತಿದ್ದರು. ಒಂದೇ ಅಂಗಿ ಊರಿನವರಿಗೆಲ್ಲ ಹೊಂದುವುದಿಲ್ಲವೆಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನೀರು ಬೇಡ, ನುಂಗುವ ಒದ್ದಾಟ ಬೇಡ. ನಾಲಿಗೆಯ ಮೇಲಿಟ್ಟರೆ ಎಂಜಲಲ್ಲೇ ಕರಗಿ ಹೋಗುತ್ತದೆ.

ಮೊದಲ ದಿನ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಕರಗುತ್ತೇನೇ? ನನ್ನ ನಾಲಿಗೆ ಮೇಲೆ ಒಂದು ಗುಟ್ಟೂ ನಿಲ್ಲಲ್ಲ ಅಂತಿದ್ರು ನಿಮ್ಮ ಮಾವ."

"ನಿಲ್ಲೋದು ಬೇಡ ಅತ್ತೆ, ಕರಗಿದ್ರೆ ಸಾಕು."

ಕರಗಿತು. ಕೆಲವು ವಾರಗಳಲ್ಲಿ ಅವರು ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುವಂತಾದರು. ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವ ಹಳೆಯ ಚಾಳಿಯೂ ಮರಳಿತು. ಅದಕ್ಕಾಗಿ ನಾನು ಸಂತೋಷಪಟ್ಟೆ ಎಂದರೆ ತಾವು ನಂಬಲಿಕ್ಕಿಲ್ಲ.

ಆಮೇಲೆ ತಮ್ಮ ಇನ್ಸ್‌ಪೆಕ್ಟರ್ ಬಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

"ಇದು ಮಾತ್ರೇನಾ?"

"ಅಲ್ಲ ಸರ್," ಎಂದರು ಫಾರ್ಮಸಿಯಾಕೆ.

"ಸಿರಪ್ಪಾ?"

"ಅಲ್ಲ ಸರ್. ಬಾಯಲ್ಲಿ ಕರಗೋ ಹಾಳೆ. ಒಂದೆರಡು ತಗೊಂಡು ಹೋಗಿ, ಪರೀಕ್ಷೆ ಮಾಡಿಸಿ. ನಾನೇ ಕೇಳ್ಕೋತಿದ್ದೀನಿ."

"ನಮ್ಮ ನಿಯಮದಲ್ಲಿ ಹಾಳೆ ಅನ್ನೋದು ಇಲ್ಲಮ್ಮ. ಇಲ್ಲದ್ದನ್ನ ಹೇಗೆ ಪರೀಕ್ಷೆ ಮಾಡ್ಸೋದು?"

ಎಂಥ ಘನವಾದ ತರ್ಕ, ಮಾನ್ಯರೇ. ಇಲ್ಲದ ವಸ್ತುವನ್ನು ಪರೀಕ್ಷಿಸಲು ಬಾರದು, ಆದರೆ ಅದು ಇರುವ ಕೋಣೆಗೆ ಬೀಗ ಹಾಕಲು ಬರುತ್ತದೆ. ಯಾರೋ ಮನೆಯಲ್ಲಿ ಬೇಯಿಸಿದ್ದನ್ನೆಲ್ಲ ಔಷಧಿಯೆಂದು ಮಾರಲಿ ಎಂದು ನಾನು ಹೇಳುತ್ತಿಲ್ಲ. ನಿಗಾ ಬೇಕು, ಅತ್ತೆಯ ಬಾಯಿಗೆ ಹಾಕುವ ನನಗೆ ತಮಗಿಂತ ಹೆಚ್ಚು ಬೇಕು. ಆದರೆ ಅಡುಗೆಮನೆಯಲ್ಲಿ ನಾನು ಬ್ಲೇಡಿನಿಂದ ಕತ್ತರಿಸುವ ಮಾತ್ರೆ ನಿಯಮಬದ್ಧ, ಕಲಿತವರು ತೂಗಿ ಮಾಡಿದ ಹಾಳೆ ನಿಯಮಬಾಹಿರ ಎನ್ನುವುದು ಯಾವ ಸೀಮೆಯ ನಿಗಾ?

ತಮ್ಮ ಕಚೇರಿಗೆ ಅಲೆದೆ. ಹೋದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎಂದರು. ಕೊನೆಗೆ ಕೇಳುವುದನ್ನೇ ಬಿಟ್ಟು ಬ್ಲೇಡು ಎತ್ತಿಕೊಂಡೆ. ಒಂದು ಮಧ್ಯಾಹ್ನ ಮಾತ್ರೆಯ ಚೂರು ಅತ್ತೆಯ ಗಂಟಲಲ್ಲಿ ಸಿಕ್ಕಿಕೊಂಡಿತು. ಬೆನ್ನು ತಟ್ಟಿದೆ, ತಟ್ಟಿದೆ. ತುಟಿ ನೀಲಿಯಾಗುತ್ತಲೇ ಹೋಯಿತು. ಪಕ್ಕದ ಮನೆಯ ಡ್ರೈವರಣ್ಣ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರಿಂದ ಜೀವ ಉಳಿಯಿತು. ಆದರೆ ನುಂಗಿಸಲು ಕೊಟ್ಟ ನೀರು ಪುಪ್ಪುಸಕ್ಕೆ ಇಳಿದು ಸೋಂಕಾಯಿತು. ಈಗ ಅವರ ಮೂಗಿನಲ್ಲಿ ನಳಿಕೆ. ಊಟ, ಔಷಧಿ ಎಲ್ಲ ಅದರಲ್ಲೇ. ಬಾಯಿಗೆ ಇನ್ನೇನೂ ಹಾಕಬಾರದೆಂದು ವೈದ್ಯರು ಹೇಳಿದ್ದಾರೆ. ಬೀಗ ಇಂದೇ ತೆಗೆದರೂ ಅದರಿಂದ ನಮ್ಮ ಮನೆಗೆ ಏನೂ ಆಗಬೇಕಾದ್ದಿಲ್ಲ.

ಮತ್ತೇಕೆ ಬರೆಯುತ್ತಿದ್ದಾಳೆ ಎನ್ನುವಿರಾ? ನಾನೂ ಬೇಡವೆಂದೇ ಇದ್ದೆ. ಮೊನ್ನೆ ಅತ್ತೆ ಸನ್ನೆ ಮಾಡಿ ಹತ್ತಿರ ಕರೆದರು. ಧ್ವನಿ ಈಗ ಉಸಿರಿನಷ್ಟೇ ಉಳಿದಿದೆ.

"ಫಾರ್ಮಸಿ ಬೆಂಚಿನ ಮೇಲೆ ಒಂದು ಮಗು ಕೂತಿರುತ್ತೆ ಅಂತಿದ್ಯಲ್ಲ, ಫಿಟ್ಸ್ ಬರೋದು. ಅದಕ್ಕೆ ಈಗ ಮಾತ್ರೆ ಯಾರು ಕತ್ತರಿಸ್ತಾರೆ?"

"ಅದರ ಅಮ್ಮ ಇರಬೇಕು, ಅತ್ತೆ."

"ಅವಳೂ ನಿನ್ನ ಥರಾನೇ ಒಂದು ದೊಡ್ಡದು, ಒಂದು ಸಣ್ಣದು ಕತ್ತರಿಸ್ತಾಳೆ. ನನ್ನದಾಯ್ತು ಬಿಡು. ಅದಕ್ಕಾದ್ರೂ ಕೇಳು."

ಕೇಳುತ್ತಿದ್ದೇನೆ. ಬೀಗ ತೆಗೆಯಿರಿ, ಹಾಳೆಯನ್ನು ಒಯ್ದು ಪರೀಕ್ಷಿಸಿ. ಕೆಟ್ಟದ್ದಾದರೆ ಕೆಟ್ಟದ್ದೆಂದು ಬರೆದುಕೊಡಿ, ತಲೆಬಾಗುತ್ತೇವೆ. ಒಳ್ಳೆಯದಾದರೆ ನಿಯಮದಲ್ಲಿ ಅದಕ್ಕೊಂದು ಹೆಸರು ಕೊಡಿ. ಆ ಮಗುವಿನ ತಾಯಿ ಇವತ್ತು ಸಂಜೆಯೂ ಬ್ಲೇಡು ಹಿಡಿಯುತ್ತಾಳೆ.

ಇಂತಿ,
ಪರಿಶೀಲನೆ ಮುಗಿಯುವುದನ್ನು ಕಾದು ದಣಿದ
ಒಬ್ಬ ಸೊಸೆ