ಸೈನೈಡ್ ನೀರಿನ ಬಕೆಟ್ಟು

ಚಾಮರಾಜಪೇಟೆ
6 ಅಕ್ಟೋಬರ್ 2025

ನನ್ನ ಏಕಮಾತ್ರ ಅಕ್ಕನೂ, ನನ್ನ ಕಿವಿ ಹಿಂಡುವ ಏಕಮಾತ್ರ ಅಧಿಕಾರಿಯೂ ಆದ ಮಾಧವಿಯವರಿಗೆ ನಿಶಾಂತನ ಸಾಷ್ಟಾಂಗ ನಮಸ್ಕಾರಗಳು.

ನೀನು ಮೈಸೂರಿಗೆ ಹಿಂತಿರುಗಿದ ದಿನವೇ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಕೂತಿರುತ್ತಾಳೆ. ಅಪ್ಪನ ಗಂಟಲಿನ ನಳಿಕೆಯನ್ನು ನಿನ್ನೆ ತೆಗೆದರು. ಗಂಜಿ ಬೇಡ, ಹಬ್ಬದ ಒಬ್ಬಟ್ಟು ಎಲ್ಲಿ ಎಂದು ನರ್ಸಿನ ಜೊತೆ ವಾದಿಸಿದರಂತೆ. ಆ ದಿನದ್ದು ಮಾತ್ರ ಅವರಿಗೆ ಏನೂ ನೆನಪಿಲ್ಲ.

ಆ ದಿನದ ವರದಿಯನ್ನು ಪ್ರಭುದೇವ ಚಿಕ್ಕಪ್ಪ ನಿನಗೆ ಒಪ್ಪಿಸಿದ್ದಾರೆ: ಅಂಗಡಿಯಲ್ಲಿ ಕೆಲಸದ ಮಂಜಣ್ಣ ನೋಡದೆ ಆಸಿಡ್ ನೀರನ್ನು ಸೈನೈಡ್ ಡ್ರಮ್ಮಿಗೆ ಸುರಿದರು, ಗ್ಯಾಸ್ ಎದ್ದಿತು, ಅಪ್ಪ ಅವರನ್ನು ಬಾಗಿಲಾಚೆ ತಳ್ಳಿ ತಾವು ಒಳಗೇ ಬಿದ್ದರು. ಈಗ ನನ್ನ ವರದಿ.

ನಮ್ಮ ಪ್ಲೇಟಿಂಗ್ ಅಂಗಡಿಯ ಆ ಬಿಳಿ ಸೈನೈಡ್ ಪುಡಿಯಲ್ಲಿ ಒಂದು ಚಿಟಿಕೆ ಒಬ್ಬ ಮನುಷ್ಯನಿಗೆ ಸಾಕು; ಅದಿಲ್ಲದಿದ್ದರೆ ಭರತನಾಟ್ಯದ ಹುಡುಗಿಯರ ಡಾಬಿನ ಮೇಲೆ ಚಿನ್ನ ಕೂರುವುದಿಲ್ಲ. ಅಪ್ಪನಿಗೆ ಪುಡಿಗಿಂತ ಹೆಚ್ಚು ಭಯ ಅದಕ್ಕೆ ಆಸಿಡ್ ತಾಗುವುದು. “ಡಬ್ಬಿಯಲ್ಲಿರೋ ವಿಷ ಕಣ್ಣಿಗ್ ಕಾಣುತ್ತೆ ಕಣೋ, ಗಾಳಿಯಾದ್ರೆ ಯಾರಿಗೂ ಕಾಣಲ್ಲ” ಅನ್ನುತ್ತಿದ್ದರು. ಸೈನೈಡ್ ತೊಳೆದ ನೀರಿಗೆ ಒಂದು ಡ್ರಮ್ಮು, ಆಸಿಡ್ ತೊಳೆದ ನೀರಿಗೆ ಬೇರೆಯದು; ಹೊತ್ತು ಸುರಿಯಲು ಮಾತ್ರ ಎರಡಕ್ಕೂ ಒಂದೇ ಥರದ ನೀಲಿ ಬಕೆಟ್ಟುಗಳು. ಆಸಿಡ್ ಬಕೆಟ್ಟಿನ ಹಿಡಿಗೆ ಮಾತ್ರ ಕೆಂಪು ಬಟ್ಟೆ. ಮಂಜಣ್ಣ ಇಪ್ಪತ್ತೆರಡು ವರ್ಷದಿಂದ ಆ ಬಟ್ಟೆಯನ್ನೇ ನೋಡಿ ಬಕೆಟ್ಟು ಎತ್ತುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ತೊಟ್ಟಿಗಳನ್ನೆಲ್ಲ ಖಾಲಿ ಮಾಡುತ್ತಿದ್ದೆವು. ನಾನು ಆ ಕೆಂಪು ಬಟ್ಟೆ ಬಿಚ್ಚಿ ಪೇಟ ಸುತ್ತಿಕೊಂಡೆ. ಸ್ಟೂಲಿನ ಮೇಲೆ ನಿಂತು, ಮುಖ್ಯ ಅತಿಥಿಯಾಗಿ, ಚಾಮರಾಜಪೇಟೆಯ ಸಮಸ್ತ ತೊಟ್ಟಿಗಳನ್ನು ಉದ್ದೇಶಿಸಿ ಭಾಷಣ ಮಾಡಿದೆ. ಅಪ್ಪ ನಕ್ಕು ಕಣ್ಣೊರೆಸಿಕೊಂಡು, ಇಳಿಯಪ್ಪಾ ಮಂತ್ರಿ, ಕೆಲಸ ಬಾಕಿ ಇದೆ ಅಂದರು. ಇಳಿದೆ. ಬಟ್ಟೆಯನ್ನು ಬಕೆಟ್ಟಿಗೆ ಕಟ್ಟಿದೆ. ಯಾವ ಬಕೆಟ್ಟಿಗೆ ಎಂದು ನೋಡಲಿಲ್ಲ.

ಹತ್ತು ನಿಮಿಷದ ಮೇಲೆ ಮಂಜಣ್ಣ ಎರಡೂ ಹಿಡಿಗಳನ್ನು ನೋಡಿದರು. ಚೆನ್ನಾಗಿಯೇ ನೋಡಿದರು, ಅಕ್ಕ. ಬಟ್ಟೆ ಇಲ್ಲದ್ದನ್ನು ಎತ್ತಿಕೊಂಡು ಹೋಗಿ ಸೈನೈಡ್ ಡ್ರಮ್ಮಿಗೆ ಸುರಿದರು.

ಅಗ್ನಿಶಾಮಕದವರು ಒಳಗೆ ಬಿಟ್ಟಾಗ ನಾನೇ ಮೊದಲು ಹೋದೆ. ಖಾಲಿ ಬಕೆಟ್ಟು ಡ್ರಮ್ಮಿನ ಪಕ್ಕ ಉರುಳಿತ್ತು. ತುಂಬಿದ ಬಕೆಟ್ಟಿನ ಹಿಡಿಯಲ್ಲಿ ಕೆಂಪು ಬಟ್ಟೆ. ಬಿಚ್ಚಿ ಜೇಬಿಗೆ ತುರುಕಿಕೊಂಡೆ. ಬಟ್ಟೆ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ನಾಳೆ ಹನ್ನೊಂದಕ್ಕೆ ಕಾರ್ಖಾನೆ ಇಲಾಖೆಯವರು ಬರುತ್ತಾರೆ. ಮಂಜಣ್ಣನದೇ ನಿರ್ಲಕ್ಷ್ಯ ಎಂದು ಚಿಕ್ಕಪ್ಪ ಹೇಳಿಕೆ ಬರೆಸಿದ್ದಾರೆ. ಓದುವುದೂ ಬೇಡ ಎಂದರಂತೆ ಮಂಜಣ್ಣ: “ಸೈನ್ ಹಾಕ್ತೀನಿ ಸಾರ್, ನನ್ನ ಕೈಯಲ್ಲೇ ತಾನೇ ಆಗಿದ್ದು.” ಆ ಸಹಿ ಬಿದ್ದ ಮೇಲೆ ಈ ಪೇಟೆಯಲ್ಲಿ ಯಾವ ಪ್ಲೇಟಿಂಗ್ ಅಂಗಡಿಯವರೂ ಅವರನ್ನು ಒಳಗೆ ಬಿಡುವುದಿಲ್ಲ.

ಅದಕ್ಕೆ ಮೊದಲು ನಾನು ಹೇಳಬೇಕು. ಹೇಳುತ್ತೇನೆ ಅಂದುಕೊಂಡೇ ಆರು ದಿನ ಕಳೆದೆ. ಆದ್ದರಿಂದ ಈ ಕಾಗದವನ್ನು ಈಗಲೇ ಅಂಚೆ ಪೆಟ್ಟಿಗೆಗೆ ಹಾಕುತ್ತಿದ್ದೇನೆ. ನಾಡಿದ್ದು ನಿನ್ನ ಕೈ ಸೇರುತ್ತದೆ. ನಾಳೆ ನನ್ನ ಬಾಯಿ ಕಟ್ಟಿದರೂ ನಿನ್ನ ಬಾಯಿ ಕಟ್ಟುವುದಿಲ್ಲ.

ಕಿರಿಯನಿಗೆ ಹರಸುವ ಅಧಿಕಾರವಿಲ್ಲ. ಆದರೂ ನಿನ್ನ ಮನೆ ತಣ್ಣಗಿರಲಿ. ಭಾವನಿಗೆ ನಮಸ್ಕಾರ.

ನಿನ್ನ ತಮ್ಮ,
ನಿಶಾಂತ್

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಆಸ್ಪತ್ರೆಯಲ್ಲಿ ಮಂಜಣ್ಣ ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ಮಪ್ಪನ್ನ ಹಿಂಗೆ ಮಲಗಿಸ್ಬಿಟ್ಟೆ ಕಣಪ್ಪ, ಮನಸ್ಸಲ್ಲಿಟ್ಕೋಬೇಡ” ಅಂದರು. ನಾನು, “ಹೋಗ್ಲಿ ಬಿಡಿ ಮಂಜಣ್ಣ, ಕ್ಷಮಿಸಿದೀನಿ” ಅಂದೆ. ಅವರು ಕೆಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ಕುಡಿದೆ.