ತಮ್ಮನ ನಿದ್ದೆಗೆ ನಾನೇ ಸಾಕ್ಷಿ

ಇಳಕಲ್ ಕುಳಿಯೂರು
ಇಸವಿ ೨೧೮೭, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ಕಲ್ಲಮ್ಮ ಮಾಡುವ ನಮಸ್ಕಾರಗಳು.

ನನಗೀಗ ಐವತ್ತಾರು. ನಿಮ್ಮಲ್ಲಿ ಹಲವರು ನನಗಿಂತ ಚಿಕ್ಕವರಿರಬಹುದು, ಆದರೂ ಹಿರಿಯರೆನ್ನದೆ ಗತಿಯಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಮನ್ನಿಸಿ. ಕುಳಿಯೂರು ಎಂದರೆ ನೀವು ಗ್ರಾನೈಟ್ ಬಗೆದು ಬಿಟ್ಟುಹೋದ ಗಣಿ. ಮೇಲಿನ ಬಿಸಿಲು ತಡೆಯಲಾಗದೆ ನಾವು ಅದರ ಗೋಡೆಗಳನ್ನು ಕೊರೆದು ಮನೆ ಮಾಡಿಕೊಂಡಿದ್ದೇವೆ. ಬೆಳಕು ಬೇಕಾದರೆ ಕನ್ನಡಿ ಹಿಡಿದು ಅಡುಗೆಮನೆಗೆ ಇಳಿಸಿಕೊಳ್ಳುತ್ತೇವೆ. ಒಬ್ಬರು ರೊಟ್ಟಿ ಬಡಿದರೆ ಇಡೀ ಕುಳಿಗೆ ಕೇಳುತ್ತದೆ. ತಂಪೇನೋ ಇದೆ, ಆದರೆ ಕಲ್ಲು ಆಗಾಗ ಜಾರುತ್ತದೆ. ಐದು ವರ್ಷಗಳ ಹಿಂದೆ ನನ್ನ ತಮ್ಮ ಬಸಲಿಂಗ ಅಂಥದೊಂದು ಚಪ್ಪಡಿಯ ಕೆಳಗೆ ಎರಡು ದಿನ ಸಿಕ್ಕಿಕೊಂಡಿದ್ದ.

ಅವನಿಗೆ ಮೊದಲೇ ಏರಿಳಿತವಿತ್ತು. ನಿಮ್ಮ ಬೈಪೋಲಾರ್ ಅದೇ. ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ಕೆಲವು ವಾರ ಕಾಲು ನಿಲ್ಲದೆ ಊರೆಲ್ಲ ತಿರುಗಿ ಮನೆಯ ಸಾಮಾನು ಹಂಚಿಬರುತ್ತಿದ್ದ. ಮಾತ್ರೆಯಿಂದ ಹಿಡಿತದಲ್ಲಿದ್ದದ್ದು ಚಪ್ಪಡಿ ಬಿದ್ದ ಮೇಲೆ ಸಡಿಲಾಯಿತು. ಬಾಗಿಲು ಬಡಿದರೂ ತಲೆ ಮುಚ್ಚಿಕೊಂಡು ಕೂರುತ್ತಿದ್ದ. ಕಳೆದ ವರ್ಷ ವೈದ್ಯೆ ನೀಲಾಂಬಿಕೆ ಅವನಿಗೆ ಮರುನಡಿಗೆ ಹೇಳಿದರು: ವಾರಕ್ಕೊಮ್ಮೆ ಅವರ ಎದುರು ಕುಳಿತು, ಆ ಎರಡು ದಿನಗಳಿಗೆ ಮಾತಿನಲ್ಲಿ ಸ್ವಲ್ಪ ಸ್ವಲ್ಪವೇ ಹಿಂತಿರುಗುವುದು. ಎಂಟು ವಾರಗಳ ನಂತರ ಮಿದುಳಿನ ಚಿತ್ರ ತೋರಿಸಿದರು. ಭಯ ಎಬ್ಬಿಸುವ ಒಳಭಾಗದ ಉರಿ ತಗ್ಗಿತ್ತು, ಅದನ್ನು ಸಮಾಧಾನಪಡಿಸುವ ಹಣೆಯ ಹಿಂದಿನ ಭಾಗ ಮತ್ತೆ ಕೆಲಸಕ್ಕೆ ಹತ್ತಿತ್ತು. ನಾನು ಖುಷಿಯಿಂದ ಅತ್ತುಬಿಟ್ಟೆ. ಅವರು ಮಾತ್ರ ನಗಲಿಲ್ಲ. “ಕಲ್ಲಮ್ಮನವರ, ಈ ಮಿದುಳಿನಾಗ ಬರೀ ಅಂಜಿಕಿ ಇಲ್ಲ. ನೆನಪು ಕೆದಕಿದಾಗ ಏರೂ ಬರಬಹುದು. ಮೊದಲಿಗೆ ನಿದ್ದಿ ಹೋಗ್ತದ, ಅದನ್ನ ಕಾಯ್ರಿ” ಎಂದರು.

ಅದಕ್ಕಾಗಿ ನಮ್ಮಲ್ಲಿ ನಿದ್ದೆಸಾಕ್ಷಿ ಇರುತ್ತಾರೆ. ಕೈಗೆ ಕಟ್ಟುವ ಯಂತ್ರವೂ ಇದೆ, ಆದರೆ ಚಪ್ಪಡಿಗೆ ಸಿಕ್ಕಿದ ಕೈಗೆ ಬಸಲಿಂಗ ಏನನ್ನೂ ಕಟ್ಟಲು ಬಿಡುವುದಿಲ್ಲ. ಪಕ್ಕದಲ್ಲಿ ಮಲಗುವ ನಾನೇ ಅವನು ಮಲಗಿದ ತಾಸುಗಳನ್ನು ಬೆಳಿಗ್ಗೆ ಪಟ್ಟಿಯಲ್ಲಿ ಬರೆದು ವೈದ್ಯೆಗೆ ಕಳಿಸಬೇಕು. ನಾಲ್ಕಕ್ಕಿಂತ ಕಡಿಮೆಯಾದರೆ ಮರುನಡಿಗೆ ನಿಲ್ಲಿಸಿ ಔಷಧ ಸರಿಪಡಿಸುತ್ತಾರೆ.

ನಮ್ಮ ಇನ್ನೊಂದು ಪದ್ಧತಿ ನಗುವಿನ ಊಟ. ಮರುನಡಿಗೆಯವರು ಮೊದಲ ಸಲ ಮನಸಾರೆ ನಕ್ಕ ದಿನ ಮನೆಯವರು ಕುಳಿಗೆಲ್ಲ ಹೋಳಿಗೆ ಬಡಿಸುತ್ತಾರೆ. ಹತ್ತನೆಯ ವಾರ ಬಸಲಿಂಗ ನಕ್ಕ, ಹಾಡಿದ. ಮೂರು ದಿನದಿಂದ ಎರಡೆರಡು ತಾಸಷ್ಟೇ ಮಲಗಿದ್ದ. “ಅಕ್ಕಾ, ಆರು ಅಂತ ಬರಿ. ನಾ ಆರಾಮ ಆಗೇನಿ” ಎಂದ. ಎಷ್ಟು ವರ್ಷದಿಂದ ಕಾಣದ ಮುಖ ಅದು! ಮೂರೂ ದಿನ ಆರು ಎಂದೇ ಬರೆದೆ, ಹೋಳಿಗೆ ತಟ್ಟಿದೆ, ಊರವರು ಕೈ ತೊಳೆದು ಹರಸಿ ಹೋದರು. ಮರುದಿನ ಅವನು ಕಲ್ಲು ತನ್ನ ಮಾತು ಕೇಳುತ್ತದೆ ಎನ್ನುತ್ತ ಕುಳಿಯ ಅಂಚಿನಿಂದ ಜಿಗಿದ. ಜೀವ ಉಳಿಯಿತು, ಸೊಂಟ ಮುರಿಯಿತು. ನನ್ನ ಆಸೆಬುರುಕತನವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಒಂದು ವರ್ಷದ ನಂತರ, ಕಳೆದ ತಿಂಗಳು, ಮರುನಡಿಗೆ ಮತ್ತೆ ಶುರುವಾಯಿತು. ಸಾಕ್ಷಿಯನ್ನು ರೋಗಿಯೇ ಆರಿಸಬೇಕು. ಅವನು ನನ್ನನ್ನೇ ಆರಿಸಿದ. “ನೀನ ಬರಿ ಅಕ್ಕಾ. ಈ ಸಲ ನನ್ನ ಮಾತು ಕೇಳಬ್ಯಾಡ.”

ಇಂದು ಬೆಳಿಗ್ಗೆ ಎದ್ದವನೇ ನಕ್ಕ. ಪಕ್ಕದ ಮನೆಯ ಬಾಗಿಲು ಬಡಿದರೂ ಬೆಚ್ಚಲಿಲ್ಲ. ಮಲಗಿದ್ದು ಮೂರೇ ತಾಸು. ಮರುನಡಿಗೆ ನಿಂತರೆ ಮತ್ತೆ ಚಪ್ಪಡಿಯ ಕೆಳಗೇ ಹೋಗುತ್ತೇನೆಂದು ಅವನಿಗೆ ಭಯ. ನಾನು ಪಟ್ಟಿ ತೆಗೆದಾಗ, “ಇದೊಂದ ಸಲ ಐದು ಹಾಕಕ್ಕಾ” ಎಂದು ಕಾಲು ಹಿಡಿದ.

ಹಿರಿಯರೇ, ನಿಮ್ಮಲ್ಲೂ ಯಾರಾದರೂ ತಮ್ಮವರ ಪಕ್ಕ ಹೀಗೆ ಕುಳಿತಿರಬಹುದು. ಅವರು ನಕ್ಕಾಗ ಖುಷಿಪಡಬೇಡಿ ಎನ್ನಲಾರೆ. ಹೋಳಿಗೆಗೆ ಬೇಳೆ ಇಡುವ ಮುಂಚೆ, ನಿದ್ದೆ ಬಂತೇ ಎಂದು ಒಂದು ಮಾತು ಕೇಳಿ.

ನಾನು ಮೂರು ಎಂದು ಬರೆದು ಕಳಿಸಿದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದಾನೆ. ತಲೆಯ ಬಳಿ ಇಟ್ಟ ರೊಟ್ಟಿಯನ್ನು ಇನ್ನೂ ಮುಟ್ಟಿಲ್ಲ.

ಬಸಲಿಂಗನ ಅಕ್ಕ, ಅವನ ನಿದ್ದೆಸಾಕ್ಷಿ
ಕಲ್ಲಮ್ಮ