ಮೊದಲ ಸಲ್ಯೂಟ್

ಕ್ವಾರ್ಟರ್ಸ್,
ಗುರುವಾರ, ಹಗಲೂಟದ ನಂತರ

ಮನೆಯವರಿಗೆ, ಮನೆಯಲ್ಲಿ ಉಳಿದವಳ ನಮಸ್ಕಾರ.

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯಬೇಕೆಂದು ನಮ್ಮ ಹಳ್ಳಿ ಶಾಲೆಯಲ್ಲಿ ಕಲಿಸಿದ್ದರು. ಮಗಳಿಗೂ ನನಗೂ ಜ್ವರವಿಲ್ಲ, ಕೆಮ್ಮಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇವೆ. ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ. ನಿಮ್ಮ ಕ್ಯಾಂಪಿನಲ್ಲಿ ಫೋನು ಬಿಡುವುದಿಲ್ಲವಲ್ಲ, ಅದಕ್ಕೆ ಇದನ್ನು ರೇಷನ್ ಲಾರಿಯ ಡ್ರೈವರನ ಕೈಲಿ ಕೊಟ್ಟಿದ್ದೇನೆ. ಕೆಡೆಟ್‌ಗಳ ಎದುರಿಗೆ ಒಡೆಯಬೇಡಿ. ಡೇರೆಯೊಳಗೆ ಕೂತು ಓದಿ. ಡ್ರಿಲ್ ಮೇಷ್ಟ್ರ ಮುಖ ಬಾಡಿದ್ದನ್ನು ಅವರು ಇದುವರೆಗೆ ಕಂಡಿಲ್ಲ, ಈಗಲೂ ಕಾಣುವುದು ಬೇಡ.

ನೀವು ಹೊರಟ ದಿನ ಸೋರುತ್ತಿದ್ದ ಬಚ್ಚಲ ನಲ್ಲಿಯನ್ನು ಮಗಳೇ ಬಿಚ್ಚಿ ಸರಿಮಾಡಿದಳು. ಒಳ್ಳೆಯ ಸುದ್ದಿ ಅಲ್ಲಿಗೆ ಮುಗಿಯಿತು.

ಹೊಸ್ತಿಲ ಮೇಲೆ ನಿಂತು, ಬೂಟಿನ ದಾರ ಬಿಗಿಯುತ್ತಾ ನೀವು ಹೇಳಿಹೋದದ್ದು ನನಗೆ ಬಾಯಿಪಾಠವಾಗಿದೆ. ಎರಡು ಕಡೆಯೂ ಸೀಟು ಸಿಕ್ಕಿದೆ, ನಾನು ವಾಪಸಾಗುವ ಮುಂಚೆಯೇ ಗಡುವು ಮುಗಿಯುತ್ತದೆ, ಅಕಾಡೆಮಿಗೆ ಹೂಂ ಅನ್ನಿ, ಯೂನಿವರ್ಸಿಟಿಗೆ ಬೇಡ ಅನ್ನಿ. ಮಗಳಿಗೆ ಪ್ರಾಣಿಗಳ ವೈದ್ಯ ಓದುವ ಆಸೆ, ಆ ಓದು ನಿಮ್ಮ ಸೈನ್ಯದ ಅಕಾಡೆಮಿಯಲ್ಲಿಲ್ಲ, ಯೂನಿವರ್ಸಿಟಿಯಲ್ಲಿ ಓದಿನ ಜೊತೆಗೇ ಆಫೀಸರ್ ತರಬೇತಿಯನ್ನೂ ಕೊಡುತ್ತಾರೆ, ಅಲ್ಲಿಂದ ಬಂದರೂ ಆಫೀಸರೇ ತಾನೆ ಎಂದು ನಾನು ಕೇಳಿದೆ. ವಾರವಿಡೀ ಪುಸ್ತಕ ಓದಿ ಶನಿವಾರ ಮಾತ್ರ ಬೂಟು ಹಾಕುವವರು ಅರೆಬೆಂದ ಆಫೀಸರುಗಳು ಎಂದಿರಿ. ಮಗಳು ಪಕ್ಕದಲ್ಲೇ ಇದ್ದಳು. ನಿಮ್ಮ ಚೀಲ ಎತ್ತಿ ಕೊಟ್ಟಳು. ಏನೂ ಅನ್ನಲಿಲ್ಲ.

ಅನ್ನುವುದಕ್ಕೆ ಅವಳಿಗೆ ಬಾಯಾದರೂ ಎಲ್ಲಿತ್ತು? ಅದಕ್ಕೂ ಮುಂಚಿನ ಭಾನುವಾರವೇ ನೀವು ಅದಕ್ಕೆ ಬೀಗ ಹಾಕಿದ್ದಿರಿ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ನನ್ನ ಬಾಯಿಂದಲೂ ಒಂದು ಸಲ ಕೇಳಿಸಿಕೊಳ್ಳಿ. ಪ್ರತಿವರ್ಷ ಕೆಡೆಟ್‌ಗಳು ಆಫೀಸರುಗಳಾಗಿ ಹೊರಬೀಳುವ ದಿನ, ಮೆಟ್ಟಿಲಿಳಿದು ಬರುವ ಹೊಸ ಆಫೀಸರಿಗೆ ಮೊದಲ ಸಲ್ಯೂಟ್ ಹೊಡೆಯುವವರು ಅವರನ್ನು ತಿದ್ದಿ ತೀಡಿದ ಡ್ರಿಲ್ ಮೇಷ್ಟ್ರು. ನಿನ್ನೆಯವರೆಗೆ ನಿಮ್ಮ ಬೈಗುಳಕ್ಕೆ ಕಣ್ಣೀರು ಹಾಕುತ್ತಿದ್ದವನು ಇವತ್ತು ನಿಮ್ಮ ಸಾಹೇಬ. ಅವತ್ತು ಸಂಜೆ ನಿಮ್ಮ ಬಲಭುಜಕ್ಕೆ ಬಿಸಿ ಉಪ್ಪಿನ ಗಂಟು ಒತ್ತುವವಳು ನಾನು. ಒಂದು ವರ್ಷ ಒಬ್ಬ ಹೊಸ ಸಾಹೇಬ ನಿಮ್ಮ ಕಡೆ ನೋಡದೆ, ಪಕ್ಕದಲ್ಲಿದ್ದವರ ಜೊತೆ ನಗುತ್ತಲೇ, ನೊಣ ಓಡಿಸಿದ ಹಾಗೆ ಕೈ ಎತ್ತಿ ಇಳಿಸಿದನಂತೆ. ಅದನ್ನು ನೀವು ಗೋಡೆಗೆ ಮುಖ ಮಾಡಿಕೊಂಡು ಹೇಳಿದ್ದಿರಿ. ನಾನು ಉಪ್ಪಿನ ಗಂಟನ್ನು ಮತ್ತೆ ಬಿಸಿಮಾಡುವ ನೆಪ ಹೇಳಿ ಒಳಗೆ ಹೋಗಿ ಅತ್ತಿದ್ದೆ. ಆದ್ದರಿಂದಲೇ ಆ ಭಾನುವಾರ ನೀವು ಮಗಳನ್ನು ಎದುರಿಗೆ ಕೂರಿಸಿಕೊಂಡು ಆಡಿದ ಮಾತನ್ನು ನಾನೂ ನಂಬಿದೆ.

"ಮೂರು ವರ್ಷಕ್ಕೆ ನೀನು ಹೊರಗೆ ಬರ್ತೀಯ. ಅದರ ಮುಂದಿನ ತಿಂಗಳು ನಾನು ರಿಟೈರು. ಕಂಡೋರ ಮಕ್ಕಳಿಗೆಲ್ಲ ಎತ್ತಿದ ಕೈ ಇದು ಮರಿ. ಕೊನೇ ಸಲ ನಿಂಗೆ ಎತ್ತಲಿ."

ಯೂನಿವರ್ಸಿಟಿಯಾದರೆ ಐದು ವರ್ಷ. ಅಷ್ಟು ಹೊತ್ತಿಗೆ ನೀವು ಸಾದಾ ಅಂಗಿಯಲ್ಲಿ ಇರುತ್ತೀರಿ, ನಿಮ್ಮ ಸಲ್ಯೂಟ್ ಲೆಕ್ಕಕ್ಕಿಲ್ಲ. ಇಷ್ಟು ಹೇಳಿ ಎದ್ದು ಹೋಗಿ, ಟ್ರಂಕಿನಿಂದ ಆ ಕಡುನೀಲಿ ಬಟ್ಟೆ ತಂದು ಅವಳ ಮಡಿಲಲ್ಲಿ ಇಟ್ಟಿರಿ. ಹೊರಬೀಳುವ ದಿನದ ಕೋಟಿಗೆ ಅಂತ, ಯಾರಿಗೂ ಹೇಳದೆ ತಂದಿಟ್ಟದ್ದು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ಅಮ್ಮನೇ ಹೊಲಿಯಲಿ, ಹೆಗಲ ಪಟ್ಟಿಯ ಮೇಲೆ ನಕ್ಷತ್ರವನ್ನೂ ಅವಳೇ ಕೂರಿಸಲಿ ಎಂದಿರಿ. ಅಕಾಡೆಮಿಯ ಹೊಲಿಗೆ ಕೋಣೆಯಲ್ಲಿ ಕೂತು ನಾನೂ ಕಂಡೋರ ಮಕ್ಕಳ ಹೆಗಲಿಗೇ ನಕ್ಷತ್ರ ಹೊಲಿದವಳು. ನನ್ನ ಮೈಯೂ ನವಿರೆದ್ದಿತು. ಇಲ್ಲ ಅನ್ನುವುದಿಲ್ಲ.

ಆದರೂ ನೀವು ಕ್ಯಾಂಪಿಗೆ ಹೋದ ಮೇಲೆ ನಾವಿಬ್ಬರೂ ಯೂನಿವರ್ಸಿಟಿ ನೋಡಿಬಂದೆವು. ನಿಮಗೆ ಹೇಳದೆ ಹೋದದ್ದು. ನೋಡದೆ ಬೇಡ ಅನ್ನುವುದು ಸಿಕ್ಕ ಸೀಟಿಗೂ ಕೊಟ್ಟ ದೇವರಿಗೂ ಅವಮರ್ಯಾದೆ ಅಂತ ನಾನೇ ಹೊರಡಿಸಿದೆ.

ಹುಲ್ಲಿನ ಮೇಲೆ ಅವರ ಡ್ರಿಲ್ ನಡೆಯುತ್ತಿತ್ತು. ಎಡಕ್ಕೆ ತಿರುಗು ಅಂದರೆ ಸಾಲಿನ ಅರ್ಧ ಜನ ಬಲಕ್ಕೆ ತಿರುಗಿ, ಒಬ್ಬರ ಮೂಗಿಗೆ ಒಬ್ಬರ ಮೂಗು ತಾಗಿಸಿಕೊಂಡು ನಿಂತರು. ಯಾರೂ ಬೈಯಲಿಲ್ಲ. ಅವರೇ ನಕ್ಕು ಮತ್ತೆ ಶುರುಮಾಡಿದರು. ನೀವಿದ್ದಿದ್ದರೆ ನಿಮಗೆ ಅಲ್ಲೇ ತಲೆಸುತ್ತು ಬರುತ್ತಿತ್ತು. ಮರಿ ನನ್ನ ಭುಜಕ್ಕೆ ಮುಖ ಒತ್ತಿಕೊಂಡು, ಅಪ್ಪನಿಗೆ ಇದನ್ನು ತೋರಿಸಬಾರದು ಅಮ್ಮಾ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೊಣಕಾಲು ಬಾತ ಒಂದು ಕಂದುಕುದುರೆ ಹತ್ತಿರ ಬಂದವರನ್ನೆಲ್ಲ ಒದೆಯಲು ನೋಡುತ್ತಿತ್ತು. ಮರಿ ನಮ್ಮ ಅಕಾಡೆಮಿಯ ಕುದುರೆ ಲಾಯದವನು ಮಾಡುವ ಹಾಗೆಯೇ ಪಕ್ಕದಿಂದ ಹೋಗಿ, ಕುತ್ತಿಗೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಕುದುರೆ ತಲೆ ತಗ್ಗಿಸಿತು. ಅಲ್ಲಿನ ಡಾಕ್ಟರು ತಮ್ಮ ಕಿವಿಯ ಕೊಳವೆ ಬಿಚ್ಚಿ ಇವಳ ಕಿವಿಗೆ ಹಾಕಿದರು. ಅದರ ಎದೆಬಡಿತ ಕೇಳುತ್ತಾ ನಿಂತವಳ ಮುಖವನ್ನು ನೀವು ನೋಡಬೇಕಿತ್ತು. ನಮ್ಮ ಮನೆಯಲ್ಲಿ ಆ ಮುಖ ಯಾವತ್ತೂ ಇರಲಿಲ್ಲ.

ತರಬೇತಿಯ ಉಸ್ತುವಾರಿ ಒಬ್ಬ ಮೇಡಂ ಅವರದು. ಎರಡು ವರ್ಷ ಕಲಿತ ಮೇಲೆ ಸೈನ್ಯಕ್ಕೆ ಬರುತ್ತೀಯಾ ಎಂದು ಕೇಳುತ್ತಾರಂತೆ. ಬರುವವರು ಮಾತು ಕೊಡಬಹುದು, ಒಲ್ಲದವರು ಓದು ಮುಂದುವರಿಸಬಹುದು, ಯಾರ ಮುಖವೂ ಗಂಟಾಗುವುದಿಲ್ಲ. ಓದು ಮುಗಿಸಿದವರು ಆಫೀಸರಾಗಿ ಸೈನ್ಯದ ಪ್ರಾಣಿ ಆಸ್ಪತ್ರೆಗೇ ಹೋಗಬಹುದು. ಇಲ್ಲಿಯ ನಕ್ಷತ್ರ ಸ್ವಲ್ಪ ಚಿಕ್ಕದೋ ಎಂದು ಕೇಳಿಯೇ ಬಿಟ್ಟೆ. ಅವರು ನಕ್ಕು, "ಅದೇ ನಕ್ಷತ್ರಾನೇ ಅಮ್ಮಾ, ಹೊಲಿಯೋರೂ ನಿಮ್ಮಂಥೋರೇ" ಎಂದರು. ಆಗ ನನ್ನ ಮನಸ್ಸಿಗೆ ಬಂದದ್ದು ಒಂದೇ. ಇಬ್ಬರ ಆಸೆಯೂ ಇಲ್ಲಿ ಕೂಡುತ್ತದಲ್ಲ. ಕುದುರೆಯೂ ಉಂಟು, ನಕ್ಷತ್ರವೂ ಉಂಟು. ನಿಮ್ಮ ಸಲ್ಯೂಟ್ ಒಂದೇ ಇಲ್ಲ.

ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಮ್ಮ ಗೇಟು ಕಾಣಿಸಿದ ಮೇಲೆ ಹೇಳಿದಳು, "ಅಕಾಡೆಮಿಗೇ ಹೋಗ್ತೀನಿ ಅಮ್ಮಾ. ಕುದುರೆ ಎಲ್ಲಿಗೂ ಓಡಿಹೋಗಲ್ಲ. ಅಪ್ಪ ರಿಟೈರ್ ಆಗೋದು ಒಂದೇ ಸಲ."

ಮನೆಗೆ ಬಂದು ದೇವರ ಮುಂದೆ ದೀಪ ಹಚ್ಚಿದೆ. ನನ್ನ ಮಗಳ ಆಸೆ ನೀನೇ ಇಟ್ಟುಕೋ, ಇವರ ಕೈ ಒಂದು ಸಲ ಸ್ವಂತ ರಕ್ತಕ್ಕೆ ಏಳಲಿ, ಆ ದಿನದವರೆಗೆ ಇವರನ್ನು ಆರೋಗ್ಯವಾಗಿಡು ಎಂದು ಬೇಡಿಕೊಂಡೆ. ಅವತ್ತಿಂದ ದಿನಾ ಅದೇ ಬೇಡಿಕೆ. ಅವಳು ಬೀರುವಿನ ಕನ್ನಡಿಯ ಮುಂದೆ ಸಲ್ಯೂಟ್ ವಾಪಸು ಕೊಡುವುದನ್ನು ಅಭ್ಯಾಸ ಮಾಡುತ್ತಿದ್ದಳು. ಎತ್ತಿದ ಕೈಯನ್ನು ಅಪ್ಪನ ಮುಖ ಸರಿಯಾಗಿ ನೋಡಿದ ಮೇಲೆಯೇ ಇಳಿಸಬೇಕು, ಅಪ್ಪನಿಗೆ ಆ ಹಳೆಯ ಸಾಹೇಬ ಮರೆತುಹೋಗಬೇಕು ಅನ್ನುತ್ತಿದ್ದಳು. ಲಾಯದವನನ್ನು ನಿಮ್ಮ ಜಾಗದಲ್ಲಿ ನಿಲ್ಲಿಸಿಕೊಂಡು ಕೂಡ ಮಾಡಿದಳಂತೆ. ಅವನು ನನಗೆ, ನಿಮ್ಮ ಮಗಳು ನನ್ನನ್ನು ಹಾಗೆ ನೋಡಿದಾಗ ನಾನೇ ರಿಟೈರ್ ಆಗಿಬಿಡೋಣ ಅನ್ನಿಸಿತು ಎಂದು ನಗಾಡಿದ.

ಮೊನ್ನೆ ಮಂಗಳವಾರ, ಗಡುವಿಗೆ ಒಂದು ದಿನ ಮುಂಚೆ, ಆಫೀಸಿನ ದೊಡ್ಡ ಗುಮಾಸ್ತರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಿಕೊಳ್ಳಲು ಹೊಲಿಗೆ ಕೋಣೆಗೆ ಬಂದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಳತೆ ಹಿಡಿಯುತ್ತಿದ್ದೆ. ಸಾಮಾನು ಕಟ್ಟಲು ಶುರುಮಾಡಿದಿರಾ ಎಂದು ಕೇಳಿದರು. ನಾನು ತಲೆ ಎತ್ತಿ ನೋಡಿದೆ.

"ಯಾಕಮ್ಮಾ, ಮೇಷ್ಟ್ರು ಹೇಳ್ಲಿಲ್ವಾ? ಮಗಳು ಇಲ್ಲಿ ಸೇರಿದ ದಿನ ಅವರಿಗೆ ವರ್ಗ. ಸ್ವಂತದವರು ಕೆಡೆಟ್ ಆಗಿರೋ ಕಡೆ ಡ್ರಿಲ್ ಮೇಷ್ಟ್ರು ಇರೋ ಹಾಗಿಲ್ಲ. ಬೇಸಿಗೇಲೇ ನಾನು ಕೂರಿಸಿ ಹೇಳಿದೆ. ಎರಡು ಸಲ ಕೇಳಿಸ್ಕೊಂಡು, ಆಗಲಿ ಅಂದು ಹೋದರು."

ದೂರದ ಯಾವುದೋ ಸಾಮಾನು ಡಿಪೋಗೆ ನಿಮ್ಮನ್ನು ಹಾಕುತ್ತಾರಂತೆ, ಅಲ್ಲಿಂದಲೇ ರಿಟೈರಂತೆ. ಒಳ್ಳೆಯ ಮನುಷ್ಯ, ಕೆಟ್ಟದ್ದು ಮಾಡಬೇಕೆಂದು ಹೇಳಿದ್ದಲ್ಲ. ಮಗಳಿಗಾಗಿ ಮೇಷ್ಟ್ರು ಎಂಥ ತ್ಯಾಗ ಮಾಡಿದರು ಎಂದು ಹೊಗಳಿದರು ಕೂಡ. ಬಾಯಲ್ಲಿ ಸೂಜಿಗಳಿದ್ದದ್ದು ದೇವರ ದಯೆ. ಇಲ್ಲದಿದ್ದರೆ ಆ ಕೋಣೆಯಲ್ಲಿ ಎಲ್ಲರೆದುರಿಗೆ ಏನು ಅಂದುಬಿಡುತ್ತಿದ್ದೆನೋ.

ಬೇಸಿಗೆಯಲ್ಲಿ ಕೇಳಿಸಿಕೊಂಡಿರಿ. ಮಗಳನ್ನು ಎದುರಿಗೆ ಕೂರಿಸಿಕೊಂಡದ್ದು ಮಳೆ ಹಿಡಿದ ಮೇಲೆ.

ನಮ್ಮ ಅಕಾಡೆಮಿಯ ಹುಡುಗಿ ಎಂದು ನಾಲ್ಕು ಜನ ಅನ್ನಬೇಕಿತ್ತು ನಿಮಗೆ. ಇಷ್ಟು ವರ್ಷ ಮೆಟ್ಟಿಲ ಕೆಳಗೆ ನಿಂತವನ ಮಗಳು ಅದೇ ಮೆಟ್ಟಿಲಿಳಿದು ಬಂದಳು ಅನ್ನಿಸಬೇಕಿತ್ತು. ಆ ಆಸೆಯಲ್ಲಿ ತಪ್ಪಿಲ್ಲ. ಅದನ್ನೇ ಬಾಯಿಬಿಟ್ಟು ಹೇಳಿದ್ದರೆ ಅವಳು ಯೋಚಿಸುತ್ತಿದ್ದಳು, ಇಲ್ಲ ಎಂದೂ ಅನ್ನಬಹುದಿತ್ತು. ಇಲ್ಲ ಎಂದಾಳು ಎಂಬ ಭಯಕ್ಕೇ ನೀವು ಸಲ್ಯೂಟನ್ನು ಮುಂದಿಟ್ಟಿರಿ. ಯಾವ ಆಜ್ಞೆಗೆ ಯಾವ ಕಾಲು ಏಳುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರು ವರ್ಷ ಅವಳು ಆ ದಿನಕ್ಕೆ ಕಾಯುತ್ತಾ ಇರಲಿ, ಕೊನೆಗೆ ಮೆಟ್ಟಿಲ ಕೆಳಗೆ ಯಾರೋ ನಿಂತಿರಲಿ, ಅಷ್ಟು ಹೊತ್ತಿಗೆ ಬಿಟ್ಟು ಬರಲು ಆಗದಿರಲಿ ಎಂದುಕೊಂಡಿರಿ. ವರ್ಗದ ಮಾತನ್ನು ಅವಳಿಗೆ ಯಾವಾಗ ಹೇಳುವವರಿದ್ದಿರಿ? ಸಾಮಾನು ಲಾರಿಗೆ ಏರಿಸುವಾಗಲೋ?

ನೀವು ನನಗೆ ಸುಳ್ಳು ಹೇಳಿದ್ದನ್ನು ನುಂಗಿಕೊಳ್ಳುತ್ತೇನೆ. ಆದರೆ ನನ್ನ ಕೈಯಿಂದ ದೇವರ ಹತ್ತಿರ ಸುಳ್ಳು ಬೇಡಿಸಿದಿರಿ. ಆಗದ ಒಂದು ದಿನಕ್ಕಾಗಿ ನಾನು ದೀಪ ಹಚ್ಚಿದೆ, ಅದಕ್ಕಾಗಿ ನನ್ನ ಮಗಳ ಆಸೆಯನ್ನು ಕೊಡುತ್ತೇನೆ ಎಂದೆ. ಮಂಗಳವಾರ ಸಂಜೆ ಬತ್ತಿ ಹಾಕಿ, ಎಣ್ಣೆ ಹುಯ್ದು, ಹಚ್ಚದೆ ಎದ್ದೆ. ಮದುವೆಯಾಗಿ ಬಂದ ಮೇಲೆ ಮೈಲಿಗೆ ಸೂತಕ ಬಿಟ್ಟರೆ ಅದೊಂದೇ ಸಂಜೆ.

ಅವಳು ಕನ್ನಡಿಯ ಮುಂದೆ ಇದ್ದಳು. ಹೇಳಿಬಿಟ್ಟೆ. ಮೆತ್ತಗೆ ಹೇಳಬಹುದಿತ್ತು, ಹೇಳಲಿಲ್ಲ.

ಅವಳ ಕೈ ಹಣೆಯ ಹತ್ತಿರವೇ ಇತ್ತು. "ಅಪ್ಪಂಗೆ ಗೊತ್ತಿತ್ತಾ?" ಎಂದಳು. ಗೊತ್ತಿತ್ತು ಎಂದೆ. ಕೈ ಇಳಿಸಿದಳು. ಚಪ್ಪಲಿ ಮೆಟ್ಟಿಕೊಂಡು ಲಾಯಕ್ಕೆ ಹೋಗಿ, ಬಟ್ಟೆಯೆಲ್ಲ ಕುದುರೆ ವಾಸನೆ ಮಾಡಿಕೊಂಡು ಬಂದು, ತಟ್ಟೆ ಹಾಕಿಕೊಂಡು ಉಂಡಳು. ನಿಮ್ಮ ಹಾಗೆಯೇ, ನೋವಾದಾಗ ಬೆನ್ನು ಇನ್ನಷ್ಟು ನೆಟ್ಟಗೆ.

ನಿನ್ನೆ ಬೆಳಿಗ್ಗೆ ಅಕಾಡೆಮಿಗೆ ತಾನೇ ನಡೆದುಹೋಗಿ ಬೇಡ ಎಂದು ಹೇಳಿ ಬಂದಳು. ಆಮೇಲೆ ಯೂನಿವರ್ಸಿಟಿಯ ಮೇಡಂಗೆ ಫೋನು ಮಾಡಿ ಬರುತ್ತೇನೆ ಎಂದಳು. ಹಾಗಾಗಿ ನಿಮಗೆ ವರ್ಗವಿಲ್ಲ. ನಿಮ್ಮ ಮೈದಾನ, ನಿಮ್ಮ ಮೆಟ್ಟಿಲು, ನಿಮ್ಮ ಕ್ವಾರ್ಟರ್ಸ್ ಎಲ್ಲ ಇದ್ದ ಹಾಗೆಯೇ ಇವೆ.

ಕ್ಯಾಂಪು ಮುಗಿಸಿ ಬಂದಾಗ ನೇರ ಒಳಗೆ ಬಂದು ಅವಳ ಹತ್ತಿರ ಮಾತಾಡಿ. ಗಂಟಲು ಸರಿಮಾಡಿಕೊಂಡು, ಮನೆಯಲ್ಲಿ ಮಾತಾಡುವ ದನಿಯಲ್ಲಿ. ಏನು ಹೇಳಬೇಕೆಂದು ನನ್ನನ್ನು ಕೇಳಬೇಡಿ. ರಾತ್ರಿ ಚಳಿ ಇರುತ್ತದೆ, ಭುಜಕ್ಕೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಮಲಗಿ. ಚೀಲದ ತಳದಲ್ಲಿದೆ.

ಇಂತಿ,
ನಿಮ್ಮ ಭುಜ ಬಲ್ಲವಳು

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅವಳು ಯೂನಿವರ್ಸಿಟಿಗೆ ಹೋಗುವುದು ಓದಿಗೆ ಮಾತ್ರ. ಆಫೀಸರ್ ತರಬೇತಿ ಬೇಡ ಎಂದಿದ್ದಾಳೆ. ಎಲ್ಲ ಗೊತ್ತಿರುವ ಹುಡುಗಿ, ಯಾಕಮ್ಮಾ ಬಿಡುತ್ತೀಯ ಎಂದು ಮೇಡಂ ಫೋನಿನಲ್ಲಿ ಕೇಳಿದರಂತೆ. "ಇನ್ನು ಯಾರು ನಂಗೆ ಸಲ್ಯೂಟ್ ಹೊಡೆದರೂ, ಇದು ನಿಜಾನಾ ಅಂತ ಕೇಳಬೇಕು ಅನ್ಸತ್ತೆ ಮೇಡಂ" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಪ್ರಾಣಿ ಆಸ್ಪತ್ರೆಯಲ್ಲಿ ಹಾಕಿಕೊಳ್ಳಲು ಮೊಣಕಾಲವರೆಗೆ ಬರುವ ಕೋಟು ಬೇಕಂತೆ. ಟ್ರಂಕಿನ ನೀಲಿ ಬಟ್ಟೆ ಕತ್ತರಿಸಿದೆ. ಹೆಗಲಿಗೆ ಪಟ್ಟಿ ಇಟ್ಟಿಲ್ಲ.